ಹೊಸ ಬಸ್ಸಿಗಿಂತ ಮೊದಲು ಫಾರಂ-4 ತಿದ್ದಿ: ಮೈಸೂರು ನಗರ ಸಾರಿಗೆಯವರಿಗೆ ಬಹಿರಂಗ ಪತ್ರ

ಇವರಿಗೆ,
ವಿಭಾಗೀಯ ನಿಯಂತ್ರಣಾಧಿಕಾರಿಗಳು ಮತ್ತು ವಿಭಾಗೀಯ ಸಂಚಾರ ಅಧಿಕಾರಿಗಳು,
ಮೈಸೂರು ನಗರ ಸಾರಿಗೆ ವಿಭಾಗ, ಕೆಎಸ್‌ಆರ್‌ಟಿಸಿ

ಪ್ರತಿ: ಜಿಲ್ಲಾಧಿಕಾರಿಗಳು, ಮಹಾನಗರ ಪಾಲಿಕೆಯ ಆಯುಕ್ತರು, ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು. ದಿನಾ ಬಸ್ಸಿಗೆ ಕಾಯುವವರೂ ಓದಲಿ.

ಮಾನ್ಯರೇ,

ಕೇಂದ್ರ ಸರ್ಕಾರದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ ಮೈಸೂರಿನ ಪಾಲಿಗೆ 100 ಎಲೆಕ್ಟ್ರಿಕ್ ಬಸ್ ಎಂಬ ಸುದ್ದಿ ಬಂದಾಗಿನಿಂದ ಊರಿನ ಮಾತೆಲ್ಲ ಸಂಖ್ಯೆಯ ಸುತ್ತಲೇ ಸುತ್ತುತ್ತಿದೆ. ಎಷ್ಟು ಬಸ್ಸು, ಎಷ್ಟು ಉದ್ದ, ಎಸಿ ಉಂಟೋ ಇಲ್ಲವೋ. ಬಸ್ಸು ಬರಲಿ, ಬೇಡ ಅನ್ನುವವರು ಯಾರೂ ಇಲ್ಲ. ನಮ್ಮ ಕೋರಿಕೆ ಒಂದೇ: ಆ ಬಸ್ಸುಗಳಿಗೆ ಮಾರ್ಗ ಹಂಚುವ ಮೊದಲು ಈಗ ಓಡುತ್ತಿರುವ ಶೆಡ್ಯೂಲ್‌ಗಳ ರನ್ನಿಂಗ್ ಟೈಮನ್ನು, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಲು ಹಿಡಿಯುವ ನಿಮಿಷಗಳನ್ನು, ಹೊಸದಾಗಿ ಅಳೆಯಿರಿ. ಫಾರಂ-4ರಲ್ಲಿ ಬರೆದ ನಿಮಿಷಕ್ಕೂ ರಸ್ತೆಯಲ್ಲಿ ಹಿಡಿಯುವ ನಿಮಿಷಕ್ಕೂ ತಾಳ ತಪ್ಪಿದ್ದರೆ 100 ಅಲ್ಲ, 300 ಬಸ್ ತಂದರೂ ಸ್ಟಾಪಿನಲ್ಲಿ ನಿಂತವರು ನಿಂತೇ ಇರುತ್ತಾರೆ.

ಫಾರಂ-4 ಏನೆಂದು ನಿಮಗೆ ಹೇಳಬೇಕಿಲ್ಲ. ಉಳಿದ ಓದುಗರಿಗಾಗಿ ಎರಡು ಮಾತು. ಒಂದು ಬಸ್ ಬೆಳಿಗ್ಗೆ ಡಿಪೊ ಬಿಟ್ಟು ರಾತ್ರಿ ಮರಳುವವರೆಗೆ ಮಾಡಬೇಕಾದ್ದೆಲ್ಲ ಇರುವ ಹಾಳೆ ಅದು. ಶೆಡ್ಯೂಲ್ ನಂಬರ್, ಪ್ರತಿ ಟ್ರಿಪ್ ಎಲ್ಲಿಂದ ಎಲ್ಲಿಗೆ, ಎಷ್ಟಕ್ಕೆ ಹೊರಟು ಎಷ್ಟಕ್ಕೆ ಮುಟ್ಟಬೇಕು, ಎಷ್ಟು ಕಿ.ಮೀ., ಊಟದ ಬಿಡುವು ಎಲ್ಲಿ, ಪಾಳಿ ಬದಲಾಗುವುದು ಎಲ್ಲಿ, ಜನರಿಲ್ಲದೆ ಖಾಲಿ ಓಡುವ ದೂರ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಚಾಲಕ, ನಿರ್ವಾಹಕರ ದುಡಿಮೆಯ ಗಂಟೆ, ಓವರ್‌ಟೈಮ್, ಡೀಸೆಲ್ ಲೆಕ್ಕ ನಿಂತಿರುವುದು ಅದರ ಮೇಲೆಯೇ. ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿ ಕೂಡ ಅದರದೇ ನಕಲು. ಹಾಗಾಗಿ ಅದರಲ್ಲಿ ‘40 ನಿಮಿಷ’ ಎಂದು ಬರೆದ ಒಂದು ಅಂಕಿ ತಪ್ಪಿದರೆ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ.

ಒಂದು ಮಾದರಿ ಲೆಕ್ಕ ಹಾಕೋಣ. ನಗರ ಬಸ್ ನಿಲ್ದಾಣದಿಂದ ಹೊರವಲಯದ ಬಡಾವಣೆಗೆ 13 ಕಿ.ಮೀ. ಫಾರಂ-4 ಪ್ರಕಾರ ಹೋಗಲು 40 ನಿಮಿಷ, ಬರಲು 40, ಎರಡೂ ತುದಿಯಲ್ಲಿ ಐದೈದು ನಿಮಿಷ ನಿಲುಗಡೆ. ಒಟ್ಟು ಸುತ್ತು 90 ನಿಮಿಷ. ಆರು ಬಸ್ ಹಾಕಿದರೆ 15 ನಿಮಿಷಕ್ಕೊಂದು. ಕಾಗದದ ಮೇಲೆ ಚೆಂದ. ಈಗ ಬೆಳಗಿನ ದಟ್ಟಣೆಯಲ್ಲಿ ಅದೇ ದಾರಿಗೆ 52 ನಿಮಿಷ ಹಿಡಿಯುತ್ತದೆ ಎನ್ನಿ. 8 ಗಂಟೆಗೆ ಹೊರಟ ಬಸ್ 8.40ಕ್ಕೆ ಮುಟ್ಟುವ ಬದಲು 8.52ಕ್ಕೆ ಮುಟ್ಟುತ್ತದೆ. ತುದಿಯಲ್ಲಿನ ಐದು ನಿಮಿಷ ಅಲ್ಲೇ ನುಂಗಿಹೋಯಿತು. ಚಾಲಕ ಕೆಳಗಿಳಿಯದೆ ಬಸ್ ತಿರುಗಿಸಿದರೂ ವಾಪಸ್ ಬರುವುದು 9.44ಕ್ಕೆ. ಅಷ್ಟರಲ್ಲಿ ಮುಂದಿನ ಟ್ರಿಪ್ 9.30ಕ್ಕೇ ಹೊರಟಿರಬೇಕಿತ್ತು. ಒಂದೇ ಸುತ್ತಿಗೆ 14 ನಿಮಿಷ ಹಿಂದೆ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಸಡಿಲವಾದರೂ ಈ ಬಾಕಿ ತೀರುವುದಿಲ್ಲ. ಏಕೆಂದರೆ ತೀರಿಸಲು ಬೇಕಾದ ಬಿಡುವನ್ನೇ ಪಟ್ಟಿಯಲ್ಲಿ ಇಟ್ಟಿಲ್ಲ.

ಇಲ್ಲಿಂದ ಮುಂದೆ ಆಗುವುದು ಎರಡು. ಮೊದಲನೆಯದು, ಬಸ್ಸುಗಳು ಒಂದರ ಬೆನ್ನಿಗೊಂದು ಜೋತುಬೀಳುವುದು. ತಡವಾದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಹೆಚ್ಚು ಜನ ಕಾದಿರುತ್ತಾರೆ. ಹತ್ತಲು ಹೆಚ್ಚು ಹೊತ್ತು, ಟಿಕೆಟ್ಟಿಗೆ ಹೆಚ್ಚು ಹೊತ್ತು, ಹೀಗೆ ಇನ್ನೂ ತಡ. ಅದರ ಹಿಂದಿನ ಬಸ್ಸಿಗೆ ಸ್ಟಾಪುಗಳು ಖಾಲಿ ಸಿಕ್ಕಿ ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ‘ಅರ್ಧ ಗಂಟೆ ಒಂದೂ ಇಲ್ಲ, ಬಂದರೆ ಎರಡೆರಡು’ ಎಂದು ಜನ ಬೈಯುವುದು ಇದಕ್ಕೇ. ಆ ಬೈಗುಳ ತಿನ್ನುವವರು ಚಾಲಕರು, ಅವರದ್ದೇನೂ ತಪ್ಪಿಲ್ಲದೆ. ಸರಿಯಾಗಿ 15 ನಿಮಿಷಕ್ಕೊಂದು ಬಂದರೆ ಸರಾಸರಿ ಕಾಯುವಿಕೆ ಏಳೂವರೆ ನಿಮಿಷ. ಅಷ್ಟೇ ಬಸ್ಸುಗಳು 30 ನಿಮಿಷಕ್ಕೊಮ್ಮೆ ಜೋಡಿಯಾಗಿ ಬಂದರೆ 15 ನಿಮಿಷ. ಅದೇ ಬಸ್ಸು, ಅದೇ ಡೀಸೆಲ್, ಅದೇ ಸಂಬಳ. ಕಾಯುವ ಹೊತ್ತು ಮಾತ್ರ ಎರಡು ಪಟ್ಟು.

ಎರಡನೆಯದು ಟ್ರಿಪ್ ಕಟ್. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆಯ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ. ಬೆಳಗಿನ ಪಾಳಿಯವರು 2 ಗಂಟೆಗೆ ಇಳಿಯಬೇಕು. ಬಸ್ 35 ನಿಮಿಷ ಹಿಂದಿದೆ. ಎರಡನೇ ಪಾಳಿಯವರು ನಿಲ್ದಾಣದಲ್ಲಿ ಕಾಯುತ್ತಿದ್ದಾರೆ. ಸಂಚಾರ ನಿಯಂತ್ರಕರ ಕೈಲಿರುವ ಉಪಾಯ ಒಂದೇ: ಒಂದು ಟ್ರಿಪ್ ಬಿಟ್ಟು ಶೆಡ್ಯೂಲನ್ನು ಲೈನಿಗೆ ತರುವುದು. ಯಾವ ಟ್ರಿಪ್ ಬಿಡುತ್ತಾರೆ? ಕಲೆಕ್ಷನ್ ಕಡಿಮೆ ಇರುವುದನ್ನು, ಅಂದರೆ ಊರಾಚೆಗಿನ ಕೊನೆಯ ತುದಿಯದನ್ನು. ಅಥವಾ ರಾತ್ರಿಯ ಕೊನೆಯದನ್ನು. ಹೊರವಲಯದವರಿಗೆ ಬಸ್ ಮೇಲೆ ನಂಬಿಕೆ ಹೋಗಲು ವಾರಕ್ಕೊಮ್ಮೆ ಕೊನೆಯ ಬಸ್ ತಪ್ಪಿದರೆ ಸಾಕು. ಮರುದಿನದಿಂದ ಅವರು ಸ್ಕೂಟರ್‌ನಲ್ಲಿ ಬರುತ್ತಾರೆ. ಸಾಲ ಮಾಡಿ ತಂದ ಸ್ಕೂಟರ್ ಮನೆಯಲ್ಲಿ ನಿಲ್ಲಿಸಿ ಮತ್ತೆ ಬಸ್ಸಿಗೆ ಬರುವವರು ಕಡಿಮೆ.

ಪರಿಹಾರಕ್ಕೆ ಎರಡು ದಾರಿ. ಅದೇ ಮಾದರಿ ಮಾರ್ಗದಲ್ಲಿ 15 ನಿಮಿಷದ ಅಂತರವೇ ಬೇಕೆಂದರೆ ಸುತ್ತಿಗೆ 52, 52, ಜೊತೆಗೆ 16 ನಿಮಿಷ ಬಿಡುವು, ಒಟ್ಟು 120 ನಿಮಿಷ ಎಂದು ಬರೆದು ಎಂಟು ಬಸ್ ಹಾಕಬೇಕು. ಆರೇ ಬಸ್ ಇರುವುದಾದರೆ ‘20 ನಿಮಿಷಕ್ಕೊಂದು’ ಎಂದು ನಿಜ ಹೇಳಬೇಕು. 15 ಎಂದು ಬರೆದು 10ಕ್ಕೊಂದು, 35ಕ್ಕೊಂದು ಬಿಡುವುದಕ್ಕಿಂತ 20 ಎಂದು ಬರೆದು 20ಕ್ಕೇ ಬಿಡುವುದು ಪ್ರಯಾಣಿಕರಿಗೆ ಲೇಸು. ಕಾಗದದ ಮೇಲೆ ಟ್ರಿಪ್ ಕಡಿಮೆಯಾದಂತೆ ಕಾಣುತ್ತದೆ, ಮೇಲಿನವರು ಕೇಳುತ್ತಾರೆ, ಗೊತ್ತು. ಓಡದ ಟ್ರಿಪ್ಪನ್ನು ಪಟ್ಟಿಯಲ್ಲಿ ಇಟ್ಟುಕೊಂಡು ಯಾರಿಗೆ ಏನು ಲಾಭ ಎಂದು ನೀವೂ ಒಮ್ಮೆ ತಿರುಗಿ ಕೇಳಬಹುದು.

ಅಳೆಯುವುದು ಹೇಗೆ ಎಂಬುದಕ್ಕೆ ಬರೋಣ. ಸಲಹೆಗಾರ ಸಂಸ್ಥೆ, ಟೆಂಡರು, ದಪ್ಪ ವರದಿ ಯಾವುದೂ ಬೇಡ. ಪ್ರತಿ ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರದಲ್ಲೇ ದಾಖಲೆ ಇದೆ. ಹರಿದ ಪ್ರತಿ ಟಿಕೆಟ್ಟಿನಲ್ಲೂ ಸ್ಟೇಜ್ (ಟಿಕೆಟ್ ದರ ಲೆಕ್ಕ ಹಾಕುವ ಹಂತ) ಇದೆ, ಸಮಯ ಇದೆ. ಜಿಪಿಎಸ್ ಸರಿಯಿರುವ ಬಸ್ಸಿನಲ್ಲಿ ಅದೂ ಸಿಗುತ್ತದೆ. ಹಬ್ಬವಿಲ್ಲದ, ಪರೀಕ್ಷೆಯಿಲ್ಲದ ನಾಲ್ಕು ವಾರ ಆರಿಸಿ. ದಸರಾ, ಆಷಾಢ ಶುಕ್ರವಾರ, ಭಾನುವಾರ ಬಿಟ್ಟುಬಿಡಿ. ದಿನವನ್ನು ಐದು ತುಂಡು ಮಾಡಿ: 6ರಿಂದ 8, 8ರಿಂದ 10.30, 10.30ರಿಂದ 4, 4ರಿಂದ 8, 8ರ ನಂತರ. ಪ್ರತಿ ತುಂಡಿನಲ್ಲೂ ಒಂದು ಮಾರ್ಗದ ಎಲ್ಲ ಟ್ರಿಪ್‌ಗಳ ಸಮಯವನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ನಟ್ಟನಡುವೆ ಬರುವ ಅಂಕಿ ನಿಮ್ಮ ರನ್ನಿಂಗ್ ಟೈಮ್. ನೂರರಲ್ಲಿ 85 ಟ್ರಿಪ್ ಎಷ್ಟರೊಳಗೆ ಮುಗಿದವೋ ಅದಕ್ಕೂ ನಡುವಿನ ಅಂಕಿಗೂ ಇರುವ ವ್ಯತ್ಯಾಸವೇ ತುದಿಯಲ್ಲಿ ಕೊಡಬೇಕಾದ ಬಿಡುವು. ಸರಾಸರಿ ತೆಗೆಯಲು ಹೋಗಬೇಡಿ. ಪಂಕ್ಚರಾಗಿ ನಿಂತ ಒಂದು ಟ್ರಿಪ್ ಇಡೀ ಸರಾಸರಿಯನ್ನು ಎಳೆದುಬಿಡುತ್ತದೆ.

ಇದರಲ್ಲಿ ಎಡವುವ ಜಾಗಗಳೂ ಇವೆ. ನಗರ ನಿಲ್ದಾಣದಲ್ಲಿ ಬಸ್ ಹೊರಡುವ ಹತ್ತು ನಿಮಿಷ ಮೊದಲೇ ಟಿಕೆಟ್ ಶುರುವಾಗುತ್ತದೆ. ಹಾಗಾಗಿ ಮೊದಲ ಟಿಕೆಟ್ಟಿನ ಸಮಯ ಹೊರಟ ಸಮಯವಲ್ಲ, ಎರಡನೇ ಸ್ಟೇಜಿನಿಂದ ಎಣಿಸಬೇಕು. ಕೊನೆಯ ಸ್ಟೇಜಿನಲ್ಲಿ ಹತ್ತುವವರಿಲ್ಲ, ಟಿಕೆಟ್ಟೂ ಇಲ್ಲ. ಅಲ್ಲಿ ಮುಟ್ಟಿದ ಸಮಯವನ್ನು ಟ್ರಿಪ್ ಮುಗಿಸಿದ ನಮೂದಿನಿಂದ ತೆಗೆಯಬೇಕು. ಬೆಳಗಿನ 6ರ ಟ್ರಿಪ್‌ಗಳಲ್ಲಿ ತಪ್ಪು ಉಲ್ಟಾ ಇರುತ್ತದೆ. ಖಾಲಿ ರಸ್ತೆಗೆ 40 ನಿಮಿಷ ಹೆಚ್ಚಾಯಿತು. ಚಾಲಕರು ಒಂದೋ ನಿಧಾನಕ್ಕೆ ತೆವಳಿಸಿಕೊಂಡು ಬರುತ್ತಾರೆ, ಇಲ್ಲವೋ ನಡುವಿನ ಸ್ಟಾಪುಗಳನ್ನು ಹೊತ್ತಿಗೆ ಮುಂಚೆ ದಾಟಿಬಿಡುತ್ತಾರೆ. ಐದು ನಿಮಿಷ ತಡವಾದ ಬಸ್ ಸಿಗುತ್ತದೆ. ಎರಡು ನಿಮಿಷ ಮುಂಚೆ ಹೋದ ಬಸ್ ಸಿಗುವುದೇ ಇಲ್ಲ. ಆದ್ದರಿಂದ ಬೆಳಗಿನ ನಿಮಿಷ ಇಳಿಸಿ, ಉಳಿದದ್ದನ್ನು ದಟ್ಟಣೆಯ ಹೊತ್ತಿಗೆ ಕೊಡಿ. ದಿನದ ಒಟ್ಟು ಗಂಟೆ ಆಗ ಅಷ್ಟೇನೂ ಏರುವುದಿಲ್ಲ.

ನಿಮಿಷ ಸೋರುವುದು ಟ್ರಾಫಿಕ್ಕಿನಲ್ಲಿ ಮಾತ್ರ ಎಂದುಕೊಂಡರೆ ಅರ್ಧ ಸತ್ಯ. ಬಸ್ಸಿನೊಳಗೆ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಏರಿದೆ. ಅದು ಆಗಬೇಕಾದದ್ದೇ. ಆದರೆ ಪ್ರತಿಯೊಬ್ಬರಿಗೂ ಗುರುತಿನ ಚೀಟಿ ನೋಡಿ, ಇಳಿಯುವ ಜಾಗ ಕೇಳಿ, ಶೂನ್ಯ ಟಿಕೆಟ್ ಹರಿದು ಕೊಡಬೇಕು. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ ಆದ್ದರಿಂದ ಬಿಡುವ ಹಾಗಿಲ್ಲ. ಒಂದು ಟಿಕೆಟ್ಟಿಗೆ 8 ಸೆಕೆಂಡ್ ಎಂದರೂ 60 ಜನಕ್ಕೆ 8 ನಿಮಿಷ. ಹಣ ಕೊಡುವವರದ್ದು ಇನ್ನೊಂದು ಪಾಡು. ಯುಪಿಐ ಬಂದದ್ದು ಒಳ್ಳೆಯದಾಯಿತು, ಆದರೆ ಪೇಟೆಯ ನಡುವೆ ನೆಟ್‌ವರ್ಕ್ ತಿರುಗುತ್ತ ಕೂತರೆ ನಿರ್ವಾಹಕರು ಒಂದೇ ಸೀಟಿನ ಮುಂದೆ ನಿಂತಿರಬೇಕು. ನಗದಾದರೆ ಚಿಲ್ಲರೆ ಇಲ್ಲ. ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟು, ಇಳಿಯುವಾಗ ಬಾಗಿಲಲ್ಲಿ ಅದರ ತೀರುವಳಿ. ಅಷ್ಟು ಹೊತ್ತೂ ಬಸ್ ನಿಂತೇ ಇರುತ್ತದೆ.

ಇದರ ಫಲವಾಗಿ ಹೊರಗಿನವರಿಗೆ ಅರ್ಥವಾಗದ ಒಂದು ದೃಶ್ಯ: ತುಂಬಿದ ಬಸ್ ಮುಂದಿನ ಸ್ಟೇಜಿಗೆ ನೂರು ಅಡಿ ಹಿಂದೆ ರಸ್ತೆ ಬದಿಗೆ ನಿಂತಿರುತ್ತದೆ. ಕೆಟ್ಟಿಲ್ಲ, ಸಿಗ್ನಲ್ ಇಲ್ಲ. ನಿರ್ವಾಹಕರು ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ ತೂರಿಕೊಂಡು ‘ಟಿಕೆಟ್, ಟಿಕೆಟ್, ಯಾರ್ರೀ ಇನ್ನೂ ತಗೊಂಡಿಲ್ಲ?’ ಎನ್ನುತ್ತಿರುತ್ತಾರೆ. ಸ್ಟೇಜ್ ದಾಟುವ ಮುನ್ನ ಎಲ್ಲರಿಗೂ ಟಿಕೆಟ್ ಆಗಿರದಿದ್ದರೆ, ಮುಂದೆ ತನಿಖೆಯವರು ಹತ್ತಿದಾಗ ಪ್ರಯಾಣಿಕರಿಗೆ ದಂಡ ಬೀಳಬಹುದು, ನಿರ್ವಾಹಕರಿಗೆ ಮೆಮೊ ಖಂಡಿತ. ಅವರು ಬಸ್ ನಿಲ್ಲಿಸುವುದರಲ್ಲಿ ಆಶ್ಚರ್ಯವೇನಿದೆ? ಫಾರಂ-4ರಲ್ಲಿ ಮಾತ್ರ ಈ ನಿಲುಗಡೆಗೆ ಒಂದು ನಿಮಿಷವೂ ಇಲ್ಲ.

ಇದಕ್ಕೆ ಮದ್ದು ದುಬಾರಿಯಲ್ಲ. ಬೆಳಿಗ್ಗೆ 8ರಿಂದ 10.30, ಸಂಜೆ 4.30ರಿಂದ 7.30ರವರೆಗೆ ನಗರ ಬಸ್ ನಿಲ್ದಾಣದ ದಟ್ಟ ಪ್ಲಾಟ್‌ಫಾರಂಗಳಲ್ಲಿ ಹೆಚ್ಚುವರಿ ಟಿಕೆಟ್ ಯಂತ್ರದೊಂದಿಗೆ ಒಬ್ಬೊಬ್ಬ ಸಿಬ್ಬಂದಿಯನ್ನು ನಿಲ್ಲಿಸಿ, ಜನ ಹತ್ತುವ ಮೊದಲೇ ಕೆಳಗೇ ಟಿಕೆಟ್ ಕೊಡಿಸಿ. ಬಸ್ ಬಂದಾಗ ಟಿಕೆಟ್ ಹಿಡಿದವರು ಎರಡೂ ಬಾಗಿಲಿನಿಂದ ಹತ್ತಲಿ. ಹೊರಟ ಬಸ್ಸಿನಲ್ಲಿ ನಿರ್ವಾಹಕರಿಗೆ ಉಳಿಯುವುದು ದಾರಿಯಲ್ಲಿ ಹತ್ತುವವರು ಮಾತ್ರ. ಮಣಿಪಾಲ್ ಆಸ್ಪತ್ರೆ ಕಡೆಗೋ ಹೂಟಗಳ್ಳಿ ಕಡೆಗೋ ಎಲ್ಲ ಕಡೆಗೂ ಒಟ್ಟಿಗೆ ಬೇಡ. ಒಂದೇ ಪ್ಲಾಟ್‌ಫಾರಂನಲ್ಲಿ ಎರಡು ವಾರ ಮಾಡಿ, ಆ ಮಾರ್ಗದ ಟಿಕೆಟ್ ಯಂತ್ರದ ಸಮಯವನ್ನು ಮೊದಲಿನದಕ್ಕೆ ಹೋಲಿಸಿ ನೋಡಿ.

ನಿಮ್ಮ ಸಿಬ್ಬಂದಿಗೆ ಇದು ಹೊಸತೂ ಅಲ್ಲ. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನಗಳನ್ನು ಲಲಿತಮಹಲ್ ಬಳಿಯ ಮೈದಾನದಲ್ಲೇ ತಡೆದು ಚಾಮುಂಡಿ ಬೆಟ್ಟಕ್ಕೆ ಬಸ್ ಬಿಡುವ ವ್ಯವಸ್ಥೆ ನಡೆದುಕೊಂಡು ಬಂದಿದೆ. ಅಂದು ಯಾರೂ ಇಂತಿಷ್ಟು ಗಂಟೆ ಇಂತಿಷ್ಟು ನಿಮಿಷಕ್ಕೆ ಎಂದು ಫಾರಂ ಹಿಡಿದು ಕೂರುವುದಿಲ್ಲ. ತುಂಬಿತು, ಬಿಟ್ಟರು, ಹಿಂದಿನದು ಮುಂದೆ ಬಂತು. ಸಂಚಾರ ನಿಯಂತ್ರಕರು ನೋಡುವುದು ಬಸ್ಸಿಗೂ ಬಸ್ಸಿಗೂ ನಡುವಿನ ಅಂತರವನ್ನು. 15 ನಿಮಿಷಕ್ಕಿಂತ ಕಡಿಮೆ ಅಂತರದ ನಗರ ಮಾರ್ಗಗಳಿಗೂ ಇದೇ ತಕ್ಕದ್ದು. ಅಲ್ಲಿ ಪ್ರಯಾಣಿಕರಿಗೆ 9.15ರ ಬಸ್ಸೋ 9.30ರ ಬಸ್ಸೋ ಮುಖ್ಯವಲ್ಲ, ಹತ್ತು ನಿಮಿಷದಲ್ಲಿ ಒಂದು ಬಂದರೆ ಆಯಿತು. ಜೋತುಬಿದ್ದ ಎರಡು ಬಸ್ಸಿನಲ್ಲಿ ಹಿಂದಿನದನ್ನು ನಿಲ್ದಾಣದಲ್ಲಿ ಆರೇಳು ನಿಮಿಷ ಹಿಡಿದು ಬಿಡುವ ಅಧಿಕಾರವನ್ನು ನಿಯಂತ್ರಕರಿಗೆ ಲಿಖಿತವಾಗಿ ಕೊಡಿ. ಹಿಡಿದದ್ದಕ್ಕೆ ಆಮೇಲೆ ಡಿಪೊದಿಂದ ವಿವರಣೆ ಕೇಳುವ ಕಾಗದ ಬರಬಾರದು. ಅರ್ಧ ಗಂಟೆಗೊಂದು, ಗಂಟೆಗೊಂದು ಇರುವ ಹೊರವಲಯದ ಮಾರ್ಗಗಳಿಗೆ ಮಾತ್ರ ಗಡಿಯಾರವೇ ದೊರೆ. ಅಲ್ಲಿ ಅಂತರದ ಮಾತು ಎತ್ತಬೇಡಿ.

ಇನ್ನು ನಗರ ಬಸ್ ನಿಲ್ದಾಣದ ವಿಷಯ. ಕೆ.ಆರ್. ವೃತ್ತದ ಪಕ್ಕ, ಅರಮನೆಯ ಮೂಲೆಗೆ, ಊರಿನ ಅತಿ ಇಕ್ಕಟ್ಟಿನ ಜಾಗಕ್ಕೆ ಹೆಚ್ಚುಕಡಿಮೆ ಎಲ್ಲ ಮಾರ್ಗಗಳೂ ಬಂದು ಮುಗಿಯುತ್ತವೆ. ಬೋಗಾದಿಯವರು ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಬೇಕೆಂದರೆ ಪೇಟೆಗೆ ಬಂದು ಇಳಿದು ಬೇರೆ ಬಸ್ ಹತ್ತಬೇಕು. ಬೋಗಾದಿಯಿಂದ ಹೊರವರ್ತುಲ ರಸ್ತೆ ಹಿಡಿದು ಹಿನಕಲ್ ದಾಟಿದರೆ ಹೂಟಗಳ್ಳಿ ಇಲ್ಲೇ ಇದೆ. ಸುಮಾರು 42 ಕಿ.ಮೀ. ಉದ್ದದ ಆ ರಸ್ತೆ ಊರನ್ನು ಸುತ್ತುವರಿದು ಬಿದ್ದಿದೆ, ಆದರೆ ಬಸ್ಸಿನ ಮಟ್ಟಿಗೆ ಅದನ್ನು ದಾಟಿ ಹೋಗುವುದೇ ಹೆಚ್ಚು, ಅದರ ಮೇಲೆ ಓಡುವುದು ಕಡಿಮೆ.

ಇಡೀ ವರ್ತುಲಕ್ಕೆ ಒಂದು ಬಸ್ ಸುತ್ತಿಸಿ ಎಂದು ನಾವು ಕೇಳುವುದಿಲ್ಲ. ಅಂಥ ಸುತ್ತು ಮಾರ್ಗಗಳು ಸಾಮಾನ್ಯವಾಗಿ ಸೋಲುತ್ತವೆ. ಸುತ್ತಿಗೆ ತುದಿಯೇ ಇಲ್ಲ, ತಡವಾದ ಬಸ್ ಸುಧಾರಿಸಿಕೊಳ್ಳಲು ಜಾಗವಿಲ್ಲ, ಅರ್ಧ ದಾರಿಯಲ್ಲಿ ಜನರೂ ಇರುವುದಿಲ್ಲ. ಕೇಳುವುದು ಒಂದು ತುಂಡನ್ನು: ಬೋಗಾದಿ, ಹಿನಕಲ್, ಹೂಟಗಳ್ಳಿ, ಹೆಬ್ಬಾಳ. ಮತ್ತು ಅದರ ವೇಳೆಯನ್ನು ಪೇಟೆಯ ಅಂಗಡಿಯ ಹೊತ್ತಿಗಲ್ಲ, ಕಾರ್ಖಾನೆಯ ಸೈರನ್ನಿಗೆ ಕಟ್ಟಿ. ಮೂರು ಪಾಳಿ ನಡೆಸುವ ಕಡೆ ಸಾಮಾನ್ಯವಾಗಿ 6, 2, 10ಕ್ಕೆ ಜನ ಬದಲಾಗುತ್ತಾರೆ. ಬಸ್ ಗೇಟಿನ ಬಳಿ 15 ನಿಮಿಷ ಮುಂಚೆ ಮುಟ್ಟಿರಬೇಕು, ಪಾಳಿ ಮುಗಿಸಿದವರನ್ನು ಒಯ್ಯಲು 15ರಿಂದ 20 ನಿಮಿಷ ಬಿಟ್ಟು ಹೊರಡಬೇಕು. ರಾತ್ರಿ 9.30ಕ್ಕೆ ಮುಗಿಯುವ ವೇಳಾಪಟ್ಟಿ 10ಕ್ಕೆ ಬಿಡುವ ಪಾಳಿಯವರಿಗೆ ಇದ್ದರೂ ಇಲ್ಲದ ಹಾಗೆ. ಹೋಗುವಾಗ ಬಸ್, ಬರುವಾಗ ಇಲ್ಲ ಎಂದರೆ ಅವರು ಹೋಗುವಾಗಲೂ ಬಸ್ ಹತ್ತುವುದಿಲ್ಲ. ಹೀಗಾಗಿ ಬೆಳಗಿನ ಖಾಲಿ ಸೀಟಿಗೆ ಕಾರಣ ರಾತ್ರಿಯ ಪಟ್ಟಿಯಲ್ಲಿರುತ್ತದೆ.

ಸ್ಟಾಪಿನ ಜಾಗವೂ ಮುಖ್ಯ, ಮತ್ತು ಇದು ಪಾಲಿಕೆ, ನಗರಸಭೆ, ಪೊಲೀಸರಿಗೆ. ವರ್ತುಲ ರಸ್ತೆಯ ಬಸ್ಸಿನಿಂದ ಇಳಿದವರು ಹುಣಸೂರು ರಸ್ತೆಯ ಬಸ್ ಹತ್ತಲು ಸರ್ವಿಸ್ ರಸ್ತೆ, ಮುಖ್ಯ ರಸ್ತೆ, ಮತ್ತೆ ಸರ್ವಿಸ್ ರಸ್ತೆ ದಾಟಿ ಅರ್ಧ ಕಿ.ಮೀ. ನಡೆಯಬೇಕಾದರೆ ಯಾರೂ ಬದಲಿಸಿ ಹೋಗುವುದಿಲ್ಲ. ಜಂಕ್ಷನ್ನಿನ ನೂರು ಮೀಟರ್ ಒಳಗೆ ಎರಡೂ ಸ್ಟಾಪ್ ಇರಲಿ, ಸಿಗ್ನಲ್ ದಾಟಿದ ಮೇಲೆ ಇರಲಿ. ಸಿಗ್ನಲ್ಲಿಗೆ ಮುಂಚೆ ಇದ್ದರೆ ಬಸ್ ಎರಡು ಸಲ ನಿಲ್ಲುತ್ತದೆ: ಜನ ಹತ್ತಿಸಲು ಒಮ್ಮೆ, ಕೆಂಪು ದೀಪಕ್ಕೆ ಇನ್ನೊಮ್ಮೆ. ಸ್ಟಾಪಿನ ಮುಂದೆ 15 ಮೀಟರ್ ಜಾಗದಲ್ಲಿ ಆಟೊ, ತಳ್ಳುಗಾಡಿ ನಿಲ್ಲದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಬಸ್ ನಡುರಸ್ತೆಯಲ್ಲೇ ನಿಲ್ಲುತ್ತದೆ, ಹಿಂದಿನವರು ಹಾರನ್ ಹೊಡೆಯುತ್ತಾರೆ, ವಯಸ್ಸಾದವರು ಅಷ್ಟು ಎತ್ತರದ ಮೆಟ್ಟಿಲನ್ನು ರಸ್ತೆಯಿಂದಲೇ ಹತ್ತಬೇಕು.

ಪೇಟೆಯಲ್ಲಿ ಮುಗಿಯುವ ಎರಡು ಮಾರ್ಗಗಳನ್ನು ಹೊಲಿದು ಒಂದು ಮಾಡುವುದು ಇನ್ನೊಂದು ಉಪಾಯ. ಪಶ್ಚಿಮದಿಂದ ಬಂದ ಬಸ್ ನಿಲ್ದಾಣದಲ್ಲಿ ನಾಲ್ಕು ನಿಮಿಷ ನಿಂತು ಪೂರ್ವಕ್ಕೆ ಹೋಗಲಿ. ಪ್ಲಾಟ್‌ಫಾರಂ ಖಾಲಿಯಾಗುತ್ತದೆ, ಬಹಳ ಜನಕ್ಕೆ ಇಳಿದು ಹತ್ತುವ ಕಷ್ಟ ತಪ್ಪುತ್ತದೆ. ಆದರೆ ಕಣ್ಣು ಮುಚ್ಚಿ ಹೊಲಿಯಬೇಡಿ. ಒಂದು ಬದಿಯ ತಡ ಇನ್ನೊಂದು ಬದಿಗೆ ಅಂಟುತ್ತದೆ. ಒಟ್ಟು ಉದ್ದ 20 ಕಿ.ಮೀ. ಒಳಗಿರುವ, ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಅಂತರ ಬೇಕಿರುವ, ಒಂದೇ ಅಳತೆಯ ಬಸ್ ಓಡುವ ಜೋಡಿಗಳನ್ನೇ ಆರಿಸಿ. ದಸರೆಯ ಲೆಕ್ಕ ಮೊದಲೇ ಇಟ್ಟುಕೊಳ್ಳಿ. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಸಯ್ಯಾಜಿರಾವ್ ರಸ್ತೆಯೇ ಮುಚ್ಚಿರುತ್ತದೆ, ಕೆ.ಆರ್. ವೃತ್ತ ದಾಟಲಾಗದು. ಹೊಲಿದ ಮಾರ್ಗ ಅಂದು ನಡುವೆ ಬಿಚ್ಚಿ ಎರಡಾಗಿ ಓಡುವಂತೆ ಪ್ರತ್ಯೇಕ ಫಾರಂ-4 ಸಿದ್ಧವಿರಲಿ, ಸೆಪ್ಟೆಂಬರ್ ಕೊನೆಯಲ್ಲಿ ಗಡಿಬಿಡಿಯಲ್ಲಿ ಬರೆಯುವುದಲ್ಲ.

ಹೊರವಲಯಕ್ಕೆ ಇನ್ನೊಂದು ತೊಡಕು: ನಗರ ವಿಭಾಗ ಬೇರೆ, ಗ್ರಾಮಾಂತರ ವಿಭಾಗ ಬೇರೆ. ನಂಜನಗೂಡು ರಸ್ತೆಯನ್ನೇ ತೆಗೆದುಕೊಳ್ಳಿ. ಕಡಕೊಳದವರ ಮುಂದೆ ಎರಡೂ ವಿಭಾಗದ ಬಸ್ಸುಗಳು ಹಾದುಹೋಗುತ್ತವೆ. ಒಂದು ನಗರ ನಿಲ್ದಾಣದಿಂದ, ಇನ್ನೊಂದು ಬಿ.ಎನ್. ರಸ್ತೆಯ ಸಬರ್ಬನ್ ನಿಲ್ದಾಣದಿಂದ. ನಡುವೆ ಹತ್ತು ಹದಿನೈದು ನಿಮಿಷದ ನಡಿಗೆ. ಎರಡು ಪಟ್ಟಿಗಳನ್ನು ಬೇರೆ ಬೇರೆ ಮೇಜಿನ ಮೇಲೆ ಬರೆದರೆ ಎರಡೂ 5.30ಕ್ಕೆ ಹೊರಟು ಆಮೇಲೆ 6.10ರವರೆಗೆ ಏನೂ ಇಲ್ಲದಂತಾಗುವುದು ಸಹಜ. ಇಬ್ಬರು ಸಂಚಾರ ಅಧಿಕಾರಿಗಳು ಒಂದು ಮಧ್ಯಾಹ್ನ ಕೂತು ಒಂದೇ ಹಾಳೆಯ ಮೇಲೆ ಎರಡೂ ಪಟ್ಟಿ ಬರೆದುಕೊಂಡರೆ, ಒಂದು ಹೊಸ ಬಸ್ಸೂ ಇಲ್ಲದೆ ಆ ರಸ್ತೆಯ ಅಂತರ ಅರ್ಧವಾಗಬಹುದು. ಶ್ರೀರಂಗಪಟ್ಟಣ, ಕೆಆರ್‌ಎಸ್ ದಾರಿಗೂ ಇದೇ ಮಾತು. ನಿಗಮ ಒಂದೇ ತಾನೆ?

ಡಿಪೊ ವಿಷಯದಲ್ಲಿ ಬಿಎಸ್-6 (ಹೊಸ ಹೊಗೆ ಮಿತಿಯ ಡೀಸೆಲ್) ಬಸ್ಸಿನ ಒಂದು ಸಂಗತಿ ಹೇಳಲೇಬೇಕು. ಅದರ ಹೊಗೆ ಕೊಳವೆಯಲ್ಲಿರುವ ಸೋಸುಕ ಮಸಿ ಹಿಡಿದಿಟ್ಟುಕೊಂಡು, ಎಂಜಿನ್ ಚೆನ್ನಾಗಿ ಕಾದಾಗ ಸುಟ್ಟುಕೊಳ್ಳುತ್ತದೆ. ಸ್ಟಾಪಿನಿಂದ ಸ್ಟಾಪಿಗೆ ತೆವಳುವ ಚಿಕ್ಕ ಮಾರ್ಗದಲ್ಲೇ ದಿನವಿಡೀ ಓಡಿದರೆ ಅಷ್ಟು ಕಾವು ಸಿಗುವುದಿಲ್ಲ. ಮಸಿ ಕಟ್ಟುತ್ತದೆ, ಚಾಲಕರ ಮುಂದಿನ ಎಚ್ಚರಿಕೆ ದೀಪ ಹೊತ್ತುತ್ತದೆ, ಕೊನೆಗೆ ಎಂಜಿನ್ ಬಲ ತಾನೇ ಇಳಿಸಿಕೊಳ್ಳುತ್ತದೆ. ಆಗ ಅರ್ಧ ಗಂಟೆಗೂ ಮೀರಿ ನಿಲ್ಲಿಸಿ ಸುಡಿಸಬೇಕು, ಅದೂ ಬೆಳಗಿನ ದಟ್ಟಣೆಯಲ್ಲಿ. ಅಂಥ ಬಸ್ಸಿನ ಶೆಡ್ಯೂಲಿಗೆ ದಿನಕ್ಕೊಂದಾದರೂ ನಂಜನಗೂಡು ರಸ್ತೆಯಂಥ ತೆರೆದ ದಾರಿಯ ಉದ್ದ ಟ್ರಿಪ್ ಸೇರಿಸಿ. ಇದು ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ವಿಷಯ, ಪಟ್ಟಿ ಬರೆಯುವ ಮೇಜಿಗೆ ತಲುಪಬೇಕಷ್ಟೆ.

ಎಲೆಕ್ಟ್ರಿಕ್ ಬಸ್ಸಿಗೂ ಲೆಕ್ಕ ನಿಮಿಷದ್ದೇ. ಆ ಯೋಜನೆಯಲ್ಲಿ ಬಸ್ ಖಾಸಗಿ ನಿರ್ವಹಣೆಯದು, ಹಣ ಕೊಡುವುದು ಕಿ.ಮೀ. ಲೆಕ್ಕದಲ್ಲಿ. ಕೇಂದ್ರದ ನೆರವು 12 ಮೀಟರ್ ಬಸ್ಸಿಗೆ ಕಿ.ಮೀ.ಗೆ 24 ರೂಪಾಯಿ, 9 ಮೀಟರಿಗೆ 22, 7 ಮೀಟರಿಗೆ 20. ಇಂಥ ಒಪ್ಪಂದಗಳಲ್ಲಿ ದಿನಕ್ಕೆ ಇಷ್ಟು ಕಿ.ಮೀ. ಓಡಿಸಿಯೇ ಓಡಿಸುತ್ತೇವೆ ಎಂಬ ಖಾತರಿ ಇರುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ 180 ಕಿ.ಮೀ. ಓಡಲು 12 ಗಂಟೆ ಬೇಕು. ವೇಗ 12ಕ್ಕಿಳಿದರೆ 15 ಗಂಟೆ. ಅದರ ನಡುವೆ ಚಾರ್ಜಿಂಗ್, ಪಾಳಿ ಬದಲು, ಊಟ. ಹಳೆಯ ರನ್ನಿಂಗ್ ಟೈಮನ್ನೇ ಹೊಸ ಬಸ್ಸಿಗೆ ನಕಲು ಮಾಡಿದರೆ ಕಿ.ಮೀ. ಮುಟ್ಟುವುದಿಲ್ಲ, ಓಡದ ದೂರದ ಲೆಕ್ಕ ನಿಗಮದ ತಲೆಗೆ ಬರುತ್ತದೆ. ಮಧ್ಯಾಹ್ನ 11.30ರಿಂದ 3.30ರ ನಡುವೆ ಸರದಿಯ ಮೇಲೆ ಚಾರ್ಜಿಗೆ ಎಳೆದು, ಬೆಳಿಗ್ಗೆ ಸಂಜೆ ಎಲ್ಲವೂ ರಸ್ತೆಯಲ್ಲಿರುವಂತೆ ಪಟ್ಟಿ ಕಟ್ಟಬೇಕು. ಉದ್ದದ ಬಸ್ಸನ್ನು ಹುಣಸೂರು ರಸ್ತೆ, ನಂಜನಗೂಡು ರಸ್ತೆಗೆ ಇಡಿ. ಬಡಾವಣೆಯ ಅಡ್ಡರಸ್ತೆ, ಹಂಪು, ತಗ್ಗಿದ ಮರದ ಕೊಂಬೆ ಇರುವಲ್ಲಿಗೆ ಚಿಕ್ಕದು.

ಕೊನೆಗೆ ಸ್ಟಾಪಿನ ಬೋರ್ಡು. ಬಸ್ ಎಲ್ಲಿದೆ ಎಂದು ಪ್ರಯಾಣಿಕರಿಗೆ ತಿಳಿಸುವ ವ್ಯವಸ್ಥೆಯನ್ನು ವಿಶ್ವಬ್ಯಾಂಕ್ ನೆರವಿನಿಂದ 2012ರಲ್ಲೇ ಮೈಸೂರಿಗೆ ತಂದದ್ದು ಕೆಎಸ್‌ಆರ್‌ಟಿಸಿ. ದೇಶದ ಬಹಳ ಊರುಗಳಿಗಿಂತ ಮುಂಚೆ. ಅಂಥ ಬೋರ್ಡು, ಆ್ಯಪ್‌ಗಳು ಸುಳ್ಳು ಹೇಳುವುದು ಯಂತ್ರ ಕೆಟ್ಟು ಮಾತ್ರ ಅಲ್ಲ. ಜಿಪಿಎಸ್‌ಗೆ ಗೊತ್ತಿರುವುದು ವಾಹನದ ಸಂಖ್ಯೆ. ಆ ವಾಹನ ಇಂದು ಯಾವ ಶೆಡ್ಯೂಲಿನಲ್ಲಿದೆ ಎಂಬುದನ್ನು ಡಿಪೊದವರು ಹೇಳಬೇಕು. ಬೆಳಿಗ್ಗೆ 5ಕ್ಕೆ ಒಂದು ಬಸ್ಸಿನಲ್ಲಿ ಗಾಳಿ ಸೋರಿಕೆ ಕಂಡು ಬೇರೆ ಬಸ್ ಕೊಟ್ಟು ಕಳಿಸುತ್ತಾರೆ, ಕಂಪ್ಯೂಟರಿನಲ್ಲಿ ಬದಲಿಸುವುದು ಮರೆಯುತ್ತದೆ. ಅಷ್ಟೇ, ದಿನವಿಡೀ ಬೋರ್ಡಿನಲ್ಲಿ ಬಾರದ ಬಸ್ ‘3 ನಿಮಿಷ’ ಎನ್ನುತ್ತಿರುತ್ತದೆ, ಬರುವ ಬಸ್ ಕಾಣುವುದೇ ಇಲ್ಲ. ಪ್ರತಿ ಡಿಪೊದ ಗೇಟಿನಲ್ಲಿ, ಬಸ್ ಹೊರಬೀಳುವ ಕ್ಷಣಕ್ಕೆ ವಾಹನ ಸಂಖ್ಯೆ ಮತ್ತು ಶೆಡ್ಯೂಲ್ ನಂಬರ್ ಜೋಡಿಸುವ ಹೊಣೆ ಒಬ್ಬರ ಮೇಲಿರಲಿ.

ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಿ ಎನ್ನುವಷ್ಟು ಅವಿವೇಕಿಗಳಲ್ಲ ನಾವು. ಹುಣಸೂರು ರಸ್ತೆಯ ಒಂದು ದಟ್ಟ ಮಾರ್ಗ, ಕಡಕೊಳದ ಕಡೆಯ ಒಂದು ವಿರಳ ಮಾರ್ಗ, ಈ ಎರಡನ್ನು ಆರಿಸಿ. ನಾಲ್ಕು ವಾರದ ಟಿಕೆಟ್ ಯಂತ್ರದ ಸಮಯ ತೆಗೆಸಿ, ಹೊಸ ಫಾರಂ-4 ಬರೆಯುವಾಗ ಆ ಮಾರ್ಗದ ಇಬ್ಬರು ಚಾಲಕರು, ಇಬ್ಬರು ನಿರ್ವಾಹಕರನ್ನು ಮೇಜಿಗೆ ಕೂರಿಸಿಕೊಳ್ಳಿ. ಎಲ್ಲಿ ಐದು ನಿಮಿಷ ಹೋಗುತ್ತದೆ ಎಂದು ಅವರಿಗೆ ಸ್ಟಾಪಿನ ಹೆಸರು ಸಮೇತ ಗೊತ್ತು. ಮೂರು ತಿಂಗಳು ಓಡಿಸಿ. ಪ್ರತಿ ತಿಂಗಳ ಕೊನೆಗೆ ಮೂರೇ ಅಂಕಿ ನಿಲ್ದಾಣದ ಗೋಡೆಗೆ ಅಂಟಿಸಿ: ಬರೆದ ಟ್ರಿಪ್ ಎಷ್ಟು, ಓಡಿದ್ದೆಷ್ಟು, ಬರೆದ ಹೊತ್ತಿನಿಂದ ಐದು ನಿಮಿಷದೊಳಗೆ ಹೊರಟದ್ದೆಷ್ಟು. ಅಂಕಿ ಕೆಟ್ಟದಾಗಿದ್ದರೂ ಅಂಟಿಸಿ. ಎಲೆಕ್ಟ್ರಿಕ್ ಬಸ್ಸಿನ ಮಾರ್ಗಪಟ್ಟಿಗೆ ಸಹಿ ಹಾಕುವುದನ್ನು ಆ ಮೂರು ತಿಂಗಳ ನಂತರಕ್ಕೆ ಇಟ್ಟುಕೊಳ್ಳಿ.

ಇಂತಿ,
ಮೈಸೂರು ಮತ್ತು ಹೊರವಲಯದ ನಗರ ಬಸ್ ಪ್ರಯಾಣಿಕರು, ವೇಳಾಪಟ್ಟಿಯ ಕೆಲಸ ಬಲ್ಲ ಕೆಲವರು